ಬಾರ್ಕರ್ ಇಲ್ಲದ ಮಿನಿಸ್ಟ್ರಿ, ಮಿನಿಸ್ಟ್ರಿನಾ?

ಸೈರನ್ ಸೀನ
ಅಮೆರಿಕದ ಇಂಡಸ್ಟ್ರಿಯಲ್ ಮೆಟಲ್ ಬ್ಯಾಂಡ್ ಮಿನಿಸ್ಟ್ರಿ ಕೇಳುವವರು ಇಲ್ಲಿ ಇದ್ದೀರಲ್ವಾ? ಬಹಳ ದಿನದಿಂದ ತಲೆ ಕೊರೆಯುತ್ತಿರುವ ಪ್ರಶ್ನೆ, ಇವತ್ತು ಕೇಳಿಯೇ ಬಿಡುತ್ತೇನೆ.

ಬ್ಯಾಂಡಿನ ಕೊನೆಯ ಆಲ್ಬಮ್‌ಗೆ ಬಾಸ್ ಗಿಟಾರಿಸ್ಟ್ ಪಾಲ್ ಬಾರ್ಕರ್ ವಾಪಸ್ ಬರುತ್ತಾರೆ ಅಂತ ಹಾಡುಗಾರ ಆಲ್ ಜೋರ್ಗನ್ಸನ್ ಹೇಳಿದ್ದಾರೆ. 2003ರಲ್ಲಿ ಬಿಟ್ಟು ಹೋದರಲ್ಲ, ಅದೇ ಬಾರ್ಕರ್. ಆ ಸುದ್ದಿ ಓದಿದ ಮೇಲೆ 1988ರಿಂದ 2003ರವರೆಗಿನ ಆಲ್ಬಮ್‌ಗಳನ್ನು ಮತ್ತೆ ಕೂತು ಕೇಳಿದೆ. ಆಮೇಲೆ 2004ರಿಂದ ಈಚಿನವನ್ನು ಕೇಳಿದೆ. ನನಗನ್ನಿಸಿದ್ದು ಇಷ್ಟು: ಇವು ಒಂದೇ ಹೆಸರಿನ ಎರಡು ಬ್ಯಾಂಡ್‌ಗಳು. ಮೊದಲನೆಯದರಲ್ಲಿ ಹಾಡು ನಿಂತಿರುವುದು ಬಾಸ್ ಮತ್ತು ಯಂತ್ರದ ತಾಳದ ಮೇಲೆ. ಎರಡನೆಯದರಲ್ಲಿ ಗಿಟಾರ್ ಮುಂದೆ ಓಡುತ್ತದೆ, ಉಳಿದದ್ದೆಲ್ಲ ಅದರ ಹಿಂದೆ. ಎರಡನೆಯದು ಕೆಟ್ಟದ್ದು ಅಂತ ಹೇಳುತ್ತಿಲ್ಲ. ಆದರೆ ಅದನ್ನು ಮಿನಿಸ್ಟ್ರಿ ಅಂತ ಕರೆಯೋಕೆ ನನ್ನ ಮನಸ್ಸು ಒಪ್ಪುವುದಿಲ್ಲ.

1981ರಲ್ಲಿ ಶಿಕಾಗೋದಲ್ಲಿ ಶುರು ಮಾಡಿದ್ದು ಆಲ್. ಇವತ್ತಿನವರೆಗೂ ಬಿಡದೆ ಇರುವುದೂ ಆಲ್ ಒಬ್ಬರೇ. ಹಾಗಂತ ಬ್ಯಾಂಡ್ ಅಂದರೆ ಆಲ್ ಒಬ್ಬರೇನಾ?

ಗದ್ದಲ ಗಣಿ
ಹೌದು, ಆಲ್ ಒಬ್ಬರೇ. ಚರ್ಚೆ ಮುಗಿಯಿತು.

ಬಾಸ್ ಬಸು, ಹುಬ್ಬಳ್ಳಿ
ಹಂಗ ಹೇಳಿ ಮುಗಿಸಿಬಿಟ್ಟರೆ ಹೆಂಗ್ರೀ? 'ಸೋ ವಾಟ್' ಕೇಳಿದ್ದೀರೇನು? 1989ರ 'ದ ಮೈಂಡ್ ಈಸ್ ಎ ಟೆರಿಬಲ್ ಥಿಂಗ್ ಟು ಟೇಸ್ಟ್' ಆಲ್ಬಮ್ ಒಳಗಿನದು. ಹನ್ನೊಂದು ನಿಮಿಷಕ್ಕೂ ಜಾಸ್ತಿ ಉದ್ದದ ಹಾಡು. ಅದನ್ನು ಎತ್ತಿ ಹಿಡಿದಿರುವುದು ಒಂದೇ ಬಾಸ್ ಸಾಲು. ಡ್ರಮ್ ಬರುತ್ತದೆ, ಗಿಟಾರ್ ಬರುತ್ತದೆ, ಹೋಗುತ್ತದೆ, ಕಿರುಚಾಟ ಬರುತ್ತದೆ. ಬಾಸ್ ಮಾತ್ರ ಕದಲುವುದಿಲ್ಲ. ನಾನು ಬಾಸ್ ಕಲಿತಿದ್ದೇ ಆ ಹಾಡಿಗಾಗಿ. ಬೆರಳಿಗೆ ಕಷ್ಟ ಏನೂ ಇಲ್ಲ, ಸ್ವರಗಳು ಬಹಳ ಕಡಿಮೆ. ಆದರೆ ಹನ್ನೊಂದು ನಿಮಿಷ ಅದೇ ಒತ್ತು, ಅದೇ ಜಾಗ, ಒಂದು ಕೂದಲೂ ಆಚೀಚೆ ಆಗದ ಹಾಗೆ ಹಿಡಿದುಕೊಂಡು ಕೂರುವುದು ಇದೆಯಲ್ಲ, ಅದು ಬಾರ್ಕರ್.

ಡಬಲ್ ಪೆಡಲ್
ಬಸು ಅಣ್ಣ, ಆ ಹಾಡಿನಲ್ಲಿ ಡ್ರಮ್ಮರ್ ಹೆಸರು ಬಿಟ್ಟಿರಲ್ಲ! ಬಿಲ್ ರೀಫ್ಲಿನ್. ಎಲ್ಲರೂ ಆಲ್ ಮತ್ತು ಬಾರ್ಕರ್ ಅಂತಾರೆ. ಆಲ್ಬಮ್ ಹಾಳೆಯಲ್ಲೂ ಮಿನಿಸ್ಟ್ರಿ ಅಂದರೆ ಇವರಿಬ್ಬರೇ, ಉಳಿದವರೆಲ್ಲ ಕೈಜೋಡಿಸಿದವರು ಅಂತ ಅಚ್ಚಾಗಿತ್ತು. ಇದು ನನಗೆ ಯಾವತ್ತೂ ಸರಿ ಕಂಡಿಲ್ಲ. ರೀಫ್ಲಿನ್ ಇಲ್ಲದೆ 1988 ಮತ್ತು 1989ರ ಎರಡು ಆಲ್ಬಮ್‌ಗಳನ್ನು ಊಹಿಸಿಕೊಳ್ಳಿ ನೋಡೋಣ.

ಸೈರನ್ ಸೀನ
ರೀಫ್ಲಿನ್ ಮತ್ತು ಬಾರ್ಕರ್ ಇಬ್ಬರೂ ಒಂದೇ ಕಡೆಯಿಂದ ಬಂದವರು ಅಲ್ವಾ? ಸಿಯಾಟಲ್‌ನ ಬ್ಲಾಕ್‌ಔಟ್ಸ್ ಬ್ಯಾಂಡ್.

ಡಬಲ್ ಪೆಡಲ್
ಹೌದು. ಬಾರ್ಕರ್ ಅವರ ಅಣ್ಣ-ತಮ್ಮಂದಿರಲ್ಲಿ ಒಬ್ಬರಾದ ರೋಲಂಡ್ ಬಾರ್ಕರ್ ಕೂಡ ಆ ಬ್ಯಾಂಡಿನವರೇ. ಬ್ಲಾಕ್‌ಔಟ್ಸ್‌ನವರ ಒಂದು ಚಿಕ್ಕ ರೆಕಾರ್ಡನ್ನು 1985ರಲ್ಲಿ ಆಲ್ ತಯಾರಿಸಿಕೊಟ್ಟರು. ಪರಿಚಯ ಬೆಳೆದದ್ದು ಹಾಗೆ. 1986ರಲ್ಲಿ ಮಿನಿಸ್ಟ್ರಿಯ 'ಟ್ವಿಚ್' ಆಲ್ಬಮ್ ಬಂತು. ಅದರ ಪ್ರವಾಸಕ್ಕೆ ಆಲ್‌ಗೆ ವೇದಿಕೆ ಮೇಲೆ ಜನ ಬೇಕಿತ್ತು, ಇವರು ಬಂದರು. ಅಂದರೆ ನಿಜವಾಗಿ ನೋಡಿದರೆ ಒಂದು ಬ್ಯಾಂಡ್ ಇನ್ನೊಂದು ಬ್ಯಾಂಡಿನೊಳಗೆ ಬಂದು ಸೇರಿಕೊಂಡಿತು. ಒಬ್ಬ ಆಳು ಬಂದದ್ದಲ್ಲ. ಒಬ್ಬರ ಕೈ ಇನ್ನೊಬ್ಬರಿಗೆ ಗೊತ್ತಿದ್ದ, ವರ್ಷಗಟ್ಟಲೆ ಜೊತೆಯಲ್ಲಿ ನುಡಿಸಿದ್ದ ಬಾಸ್-ಡ್ರಮ್ ಜೋಡಿ ಬಂತು. ಆಮೇಲೆ ಎರಡೇ ವರ್ಷದಲ್ಲಿ 'ದ ಲ್ಯಾಂಡ್ ಆಫ್ ರೇಪ್ ಅಂಡ್ ಹನಿ'. ಅದು ಸುಮ್ನೆ ಆಗಿದ್ದಲ್ಲ.

ಸಿಂಥ್ ಸುಮಾ
ಎಲ್ಲರೂ 1988ರಿಂದಲೇ ಕಥೆ ಶುರು ಮಾಡುತ್ತಿದ್ದೀರಿ. 1983ರ 'ವಿತ್ ಸಿಂಪಥಿ' ಎಲ್ಲಿ ಹೋಯಿತು? ಅರಿಸ್ಟಾ ಅನ್ನುವ ರೆಕಾರ್ಡ್ ಕಂಪನಿಯಿಂದ ಬಂದ ಮೊದಲ ಆಲ್ಬಮ್. ಆಲ್ ಜೊತೆ ಡ್ರಮ್ಮರ್ ಸ್ಟೀಫನ್ ಜಾರ್ಜ್. ಪೂರ್ತಿ ಸಿಂಥ್-ಪಾಪ್, ಅಂದರೆ ಎಲೆಕ್ಟ್ರಾನಿಕ್ ಕೀಬೋರ್ಡ್ ಮೇಲೆ ಕಟ್ಟಿದ, ಕುಣಿಯುವ ಹಾಡುಗಳು. ಆಲ್ ಅವರು ಇಂಗ್ಲೆಂಡಿನವರ ಹಾಗೆ ಉಚ್ಚಾರ ಮಾಡಿ ಹಾಡುತ್ತಾರೆ. ನನಗೆ ಆ ಆಲ್ಬಮ್ ಅಂದರೆ ಪ್ರಾಣ.

ಗದ್ದಲ ಗಣಿ
ಅದನ್ನು ಆಲ್ ಅವರೇ ಎಷ್ಟೋ ವರ್ಷ ನನ್ನದಲ್ಲ ಅಂತ ದೂರ ಇಟ್ಟಿದ್ದರು. ಕಂಪನಿಯವರು ಒತ್ತಡ ಹಾಕಿ ಮಾಡಿಸಿದರು ಅಂತ ಹೇಳಿಕೊಂಡು ಬಂದರು.

ಸಿಂಥ್ ಸುಮಾ
ದೂರ ಇಟ್ಟಿದ್ದರು, ಈಗ ಹತ್ತಿರ ತೆಗೆದುಕೊಂಡಿದ್ದಾರೆ. 2024ರ ಮೇ ತಿಂಗಳಲ್ಲಿ ಪಸಡೀನಾದ ಕ್ರೂಯೆಲ್ ವರ್ಲ್ಡ್ ಉತ್ಸವದಲ್ಲಿ ಆ ಕಾಲದ ಹಾಡುಗಳನ್ನೇ ನುಡಿಸಿದರು. 2025ರಲ್ಲಿ 'ದ ಸ್ಕ್ವಿರ್ಲಿ ಇಯರ್ಸ್ ರಿವಿಸಿಟೆಡ್' ಅಂತ ಹಳೆಯ ಹಾಡುಗಳನ್ನು ಹೊಸದಾಗಿ ಧ್ವನಿಮುದ್ರಿಸಿ ಆಲ್ಬಮ್ಮನ್ನೇ ತಂದರು. ಬೇಡದ ಮಗು ಆಗಿದ್ದರೆ ಯಾರಾದರೂ ಅಷ್ಟು ವರ್ಷದ ಮೇಲೆ ಎತ್ತಿ ಆಡಿಸುತ್ತಾರಾ? ಆ ಹಾಡುಗಳಲ್ಲಿ ಸತ್ವ ಇದೆ ಅಂತ ಅವರಿಗೂ ಗೊತ್ತು.

ಇನ್ನೊಂದು ಮಾತು. ಸೀನ ಅವರೇ, ನೀವು ಎರಡು ಬ್ಯಾಂಡ್ ಅಂದಿರಿ. ನನ್ನ ಪ್ರಕಾರ ಮೂರು. ಬಾರ್ಕರ್ ಬರುವ ಮುಂಚಿನದೂ ಒಂದು ಮಿನಿಸ್ಟ್ರಿ.

ಕ್ಯಾಸೆಟ್ ಕಾಕಾ
ಸುಮಾ ಹೇಳಿದ್ದು ನಿಜ. ನಾನು ಈ ಬ್ಯಾಂಡನ್ನು ಮೊದಲು ನೋಡಿದ್ದು ತೊಂಬತ್ತರ ದಶಕದ ಶುರುವಿನಲ್ಲಿ, ಸ್ಟಾರ್ ಟಿವಿಯಲ್ಲಿ ಎಂಟಿವಿ ಬರುತ್ತಿದ್ದ ಕಾಲ. ರಾತ್ರಿ ಹೊತ್ತು 'ಎನ್‌.ಡಬ್ಲ್ಯೂ.ಓ.' ವಿಡಿಯೋ ಬಂತು. ಸೈರನ್, ಅದರ ಮೇಲೆ ಅಮೆರಿಕದ ಅಧ್ಯಕ್ಷ ಬುಷ್ ಅವರ ಧ್ವನಿಯನ್ನೇ ಕತ್ತರಿಸಿ ಕತ್ತರಿಸಿ ಹಾಕಿದ್ದಾರೆ. ಮಗ ಬುಷ್ ಅಲ್ಲ, ಅಪ್ಪ ಬುಷ್. ಕೊಲ್ಲಿ ಯುದ್ಧದ ಸುದ್ದಿ ನೋಡಿ ನೋಡಿ ಆ ಧ್ವನಿ ನಮಗೆ ಪರಿಚಯ ಇತ್ತು. ಅದೇ ಧ್ವನಿ ತಾಳಕ್ಕೆ ಸರಿಯಾಗಿ ಬಂದು ಬಂದು ಹೊಡೆಯುತ್ತಿತ್ತು. ಮನೆಯಲ್ಲಿ ಎಲ್ಲರೂ ಮಲಗಿದ್ದರು. ಸೌಂಡ್ ಒಂದೇ ಗೀಟಿಗೆ ಇಳಿಸಿ, ಟಿವಿಗೆ ಕಿವಿ ಹಚ್ಚಿ ಕೇಳಿದೆ.

ಆಮೇಲೆ ಒಬ್ಬ ಗೆಳೆಯ ಹಳೆಯ ಕ್ಯಾಸೆಟ್ ಅಂತ 'ವಿತ್ ಸಿಂಪಥಿ' ತಂದುಕೊಟ್ಟ. ಇದು ಅದೇ ಬ್ಯಾಂಡ್ ಅಂದರೆ ನಂಬಲೇ ಇಲ್ಲ. ಹೆಸರು ಒಂದೇ ಇರುವ ಬೇರೆ ಯಾರೋ ಅಂತ ವಾದ ಮಾಡಿದೆವು. ಅವತ್ತು ನೋಡೋಕೆ ಇಂಟರ್ನೆಟ್ ಎಲ್ಲಿತ್ತು?

ಹೊಸಬ
ನಾನು ಹೊಸದಾಗಿ ಕೇಳಲು ಶುರು ಮಾಡಿದವನು. ಇಂಡಸ್ಟ್ರಿಯಲ್ ಅಂದರೆ ಏನು ಅಂತ ಯಾರಾದರೂ ಹೇಳಿ. ಮೆಟಲ್‌ಗೂ ಇದಕ್ಕೂ ಏನು ವ್ಯತ್ಯಾಸ? ಡ್ರಮ್ ಮೆಷಿನ್ ಇದ್ದರೆ ಇಂಡಸ್ಟ್ರಿಯಲ್ ಅಂತಲಾ?

ಬಾಸ್ ಬಸು, ಹುಬ್ಬಳ್ಳಿ
ಡ್ರಮ್ ಮೆಷಿನ್ ಅಷ್ಟೇ ಅಲ್ಲ ತಮ್ಮಾ. ಸುಮಾ ಅವರು ಚೆನ್ನಾಗಿ ಹೇಳುತ್ತಾರೆ, ತಡಿ.

ಸಿಂಥ್ ಸುಮಾ
ಮುಖ್ಯ ಸ್ಯಾಂಪ್ಲರ್. ಯಾವುದೇ ಸದ್ದನ್ನು ಯಂತ್ರದ ನೆನಪಿಗೆ ತುಂಬಿ, ಕೀಬೋರ್ಡ್ ಮನೆ ಒತ್ತಿದಾಗ ಅದೇ ಸದ್ದು ಬರುವ ಹಾಗೆ ಮಾಡುವುದು. ಮನುಷ್ಯನ ಮಾತು, ಕಬ್ಬಿಣದ ಬಡಿತ, ಸಿನಿಮಾದ ಡೈಲಾಗ್, ಏನು ಬೇಕಾದರೂ. ಆ ಕಾಲದಲ್ಲಿ ಫೇರ್‌ಲೈಟ್ ಅಂತ ಆಸ್ಟ್ರೇಲಿಯಾದ ಯಂತ್ರ ಇತ್ತು, ಮನೆ ಕೊಳ್ಳುವಷ್ಟು ದುಬಾರಿ. ಆಲ್ ಅದನ್ನು ಬಳಸಿದರು.

ಗಿಟಾರ್‌ಗೆ ಇದನ್ನು ಹಚ್ಚಿದಾಗ ಏನಾಗುತ್ತದೆ ನೋಡಿ. ಕೈಯಲ್ಲಿ ನುಡಿಸಿದರೆ ಪ್ರತಿ ಸಲವೂ ಒಂಚೂರು ಬೇರೆ ಬರುತ್ತದೆ. ಒಂದು ಸಲ ನುಡಿಸಿದ ತುಣುಕನ್ನೇ ಕತ್ತರಿಸಿ ತಿರುಗಿಸಿ ತಿರುಗಿಸಿ ಹಾಕಿದರೆ ಒಂದು ಕೂದಲೆಳೆಯೂ ಬದಲಾಗುವುದಿಲ್ಲ. ಕಿವಿಗೆ ಅದು ಗೊತ್ತಾಗುತ್ತದೆ. ಮನುಷ್ಯ ಸುಸ್ತಾಗಬೇಕಿತ್ತು, ಆಗುತ್ತಿಲ್ಲ. ಆ ಒತ್ತಡವೇ ಇದರ ರುಚಿ. 'ಥೀವ್ಸ್' ಹಾಡು ಕೇಳಿ. 'ಫುಲ್ ಮೆಟಲ್ ಜಾಕೆಟ್' ಸಿನಿಮಾದ ಸಾರ್ಜೆಂಟ್‌ನ ಬೈಗುಳ ಮಧ್ಯೆ ಮಧ್ಯೆ ಬರುತ್ತದೆ. ಆ ಬೈಗುಳವೂ ಅಲ್ಲಿ ಒಂದು ಡ್ರಮ್ಮೇ.

ಹೊಸಬ
ಈಗ ಅರ್ಥ ಆಯಿತು ಅಕ್ಕ, ಥ್ಯಾಂಕ್ಸ್. 'ಥೀವ್ಸ್' ಕೇಳುತ್ತಿದ್ದೇನೆ. ಅಬ್ಬಾ.

ಚಿಕಾಗೋ ಚಂದ್ರಿಕಾ
ಈ ಊರಿನಲ್ಲೇ ಇರುವುದರಿಂದ ಒಂದು ಮಾತು ಸೇರಿಸುತ್ತೇನೆ. ಆಲ್-ಬಾರ್ಕರ್ ಜಗಳದಲ್ಲಿ ವ್ಯಾಕ್ಸ್ ಟ್ರ್ಯಾಕ್ಸ್ ಅನ್ನು ಮರೆಯಬೇಡಿ. ಜಿಮ್ ನ್ಯಾಶ್ ಮತ್ತು ಡ್ಯಾನಿ ಫ್ಲೆಷರ್ ಅಂತ ಇಬ್ಬರು ಡೆನ್ವರ್‌ನಿಂದ 1978ರಲ್ಲಿ ಇಲ್ಲಿಗೆ ಬಂದು ಲಿಂಕನ್ ಅವೆನ್ಯೂನಲ್ಲಿ ರೆಕಾರ್ಡ್ ಅಂಗಡಿ ಇಟ್ಟರು. ಅಂಗಡಿಯೇ ಆಮೇಲೆ ರೆಕಾರ್ಡ್ ಕಂಪನಿಯೂ ಆಯಿತು. ಬೇರೆ ಎಲ್ಲೂ ಸಿಗದ ಯೂರೋಪಿನ ರೆಕಾರ್ಡ್‌ಗಳು ಅಲ್ಲಿ ಸಿಗುತ್ತಿದ್ದವು. ಅರಿಸ್ಟಾ ಬಿಟ್ಟ ಮೇಲೆ ಆಲ್ ನಿಂತುಕೊಂಡಿದ್ದು ಅಲ್ಲೇ. 'ಎವ್ರಿಡೇ ಈಸ್ ಹ್ಯಾಲೊವೀನ್' ಬಂದದ್ದು ಅಲ್ಲಿಂದ. ಇದೇ ಜನರ ಇನ್ನೊಂದು ಬ್ಯಾಂಡ್ ರಿವೋಲ್ಟಿಂಗ್ ಕಾಕ್ಸ್ ಬಂದದ್ದೂ ಅಲ್ಲಿಂದ.

ಆ ದಿನಗಳಲ್ಲಿ ಅಲ್ಲಿನವರಿಗೆ ಬ್ಯಾಂಡ್ ಅಂದರೆ ಗೋಡೆ ಕಟ್ಟಿದ ಮನೆ ಆಗಿರಲಿಲ್ಲ. ಅದೇ ಜನ ಇವತ್ತು ಒಂದು ಹೆಸರಿನಲ್ಲಿ, ನಾಳೆ ಇನ್ನೊಂದು ಹೆಸರಿನಲ್ಲಿ ರೆಕಾರ್ಡ್ ಮಾಡುತ್ತಿದ್ದರು. ಪಂಕ್ ಹಾಡುಗಾರ ಜೆಲ್ಲೋ ಬಿಯಾಫ್ರಾ ಬಂದರೆ ಬ್ಯಾಂಡಿನ ಹೆಸರು ಲಾರ್ಡ್. ಇಯಾನ್ ಮಕಾಯ್ ಬಂದರೆ ಪೇಲ್‌ಹೆಡ್. 1000 ಹೋಮೋ ಡಿಜೇಸ್ ಅಂತ ಇನ್ನೊಂದು, ಅದರಲ್ಲಿ ನೈನ್ ಇಂಚ್ ನೇಲ್ಸ್ ಬ್ಯಾಂಡಿನ ಟ್ರೆಂಟ್ ರೆಜ್ನರ್ ಒಂದು ಹಾಡು ಹಾಡಿದ್ದಕ್ಕೆ ಅವರ ಕಂಪನಿಯಿಂದ ತಕರಾರು ಬಂತು. ಹಾಗಾಗಿ ಮಿನಿಸ್ಟ್ರಿಯಲ್ಲಿ ಯಾರು ಒಳಗೆ, ಯಾರು ಹೊರಗೆ ಅನ್ನುವ ಪ್ರಶ್ನೆಯೇ ಆ ಕಾಲಕ್ಕೆ ಸರಿ ಹೊಂದುವುದಿಲ್ಲ. ಅದೊಂದು ಊರಿನ ಕೂಟ.

ಸೈರನ್ ಸೀನ
ಚಂದ್ರಿಕಾ ಅವರೇ, ಕೂಟ ಅನ್ನುವುದು ಒಪ್ಪಿದೆ. ಆದರೆ ಆ ಕೂಟದ ಎಲ್ಲ ರೆಕಾರ್ಡ್‌ಗಳಲ್ಲೂ ಕಾಣುವ ಎರಡು ಹೆಸರು ಯಾವುದು? ಹೈಪೋ ಲಕ್ಸಾ, ಹರ್ಮೀಸ್ ಪ್ಯಾನ್. ಆಲ್ ಮತ್ತು ಬಾರ್ಕರ್ ಪ್ರೊಡ್ಯೂಸರ್‌ಗಳಾಗಿ ಇಟ್ಟುಕೊಂಡ ಸುಳ್ಳು ಹೆಸರುಗಳು. ಎರಡು ಹೆಸರು, ಒಂದಲ್ಲ!

ಕಡಲ ತಡಿ
ನನಗೆ ಇದು ನಮ್ಮ ಕಂಪನಿ ನಾಟಕದ ಹಾಗೆ ಕಾಣುತ್ತದೆ ಮಾರಾಯ್ರೆ. ಯಜಮಾನ ಒಬ್ಬ. ನಟರು ಬರುತ್ತಾರೆ, ಹೋಗುತ್ತಾರೆ, ಜಗಳ ಆಡಿಕೊಂಡು ಬೇರೆ ಕಂಪನಿ ಸೇರುತ್ತಾರೆ. ಊರಿಂದ ಊರಿಗೆ ಹೋಗುವಾಗ ಬೋರ್ಡಿನ ಮೇಲೆ ಕಂಪನಿ ಹೆಸರು ಅದೇ. ಜನ ಟಿಕೆಟ್ ತೆಗೆದುಕೊಳ್ಳುವುದು ಆ ಹೆಸರಿಗೆ.

ಡಬಲ್ ಪೆಡಲ್
ಒಳ್ಳೆಯ ನಟ ಬಿಟ್ಟು ಹೋದ ಮೇಲೆ ಎಷ್ಟೋ ಕಂಪನಿ ಮುಚ್ಚಿಯೂ ಹೋಗಿವೆ. ಯಜಮಾನ ಇದ್ದರೆ ಸಾಕು ಅನ್ನುವುದು ಆಗಲೂ ನಿಜ ಇರಲಿಲ್ಲ.

ಗದ್ದಲ ಗಣಿ
ಮೈಕ್ ಸ್ಕಾಚಿಯಾ ಹೆಸರು ಇನ್ನೂ ಯಾರೂ ಹೇಳಿಲ್ಲ. ಬೇಜಾರಾಯಿತು. ನಾನು ಬಾರ್ಕರ್ ಪಕ್ಷ ಅಲ್ಲ, ಆಲ್ ಪಕ್ಷ. ಆದರೆ ಆಲ್ ಜೊತೆ ಇನ್ನೊಂದು ಹೆಸರು ಇಡಬೇಕು ಅಂದರೆ ಸ್ಕಾಚಿಯಾ ಹೆಸರು ಇಡುತ್ತೇನೆ.

ಟೆಕ್ಸಸ್‌ನ ರಿಗರ್ ಮಾರ್ಟಿಸ್ ಅನ್ನುವ ಥ್ರಾಶ್ (ಬಹಳ ವೇಗದ ಮೆಟಲ್) ಬ್ಯಾಂಡಿನ ಗಿಟಾರಿಸ್ಟ್. 1989-90ರ ಪ್ರವಾಸಕ್ಕೆ ಬಂದರು. ಅಲ್ಲಿವರೆಗೆ ಮಿನಿಸ್ಟ್ರಿಯಲ್ಲಿ ಗಿಟಾರ್ ಅಂದರೆ ಯಂತ್ರದ ಒಂದು ಭಾಗ. ಸ್ಕಾಚಿಯಾ ಬಂದ ಮೇಲೆ ಅದು ನಿಜವಾದ ಮೆಟಲ್ ಆಯಿತು. 1992ರ 'ಸಾಮ್ 69' ಆಲ್ಬಮ್ ಕೇಳಿ. 'ಟಿವಿ 2' ಹಾಡಿನ ವೇಗ ನೋಡಿ. ಆ ಬಲಗೈ ಒಂದು ಆಶ್ಚರ್ಯ. ಮಣಿಕಟ್ಟು ಅಲ್ಲಾಡುವುದು ಕಣ್ಣಿಗೆ ಕಾಣುವುದೇ ಇಲ್ಲ, ಸದ್ದು ಮಾತ್ರ ಬರುತ್ತಿರುತ್ತದೆ. ಆ ಆಲ್ಬಮ್ಮೇ ಅಮೆರಿಕದಲ್ಲಿ ಪ್ಲಾಟಿನಂ ಆಗಿದ್ದು, ಅಂದರೆ ಹತ್ತು ಲಕ್ಷ ಪ್ರತಿ ಮುಟ್ಟಿದ್ದು. ಅದೇ ವರ್ಷ ಲೊಲ್ಲಾಪಲೂಜಾ ಸಂಗೀತ ಉತ್ಸವದ ಪ್ರವಾಸದಲ್ಲಿ ಸಾವಿರಾರು ಜನರ ಮುಂದೆ ನುಡಿಸಿದರು. ಇವತ್ತು ಮಿನಿಸ್ಟ್ರಿ ಹೆಸರು ನಮ್ಮವರೆಗೆ ಬಂದಿದ್ದರೆ ಆ ಗಿಟಾರ್‌ನಿಂದ.

ಕ್ಯಾಸೆಟ್ ಕಾಕಾ
ಗಣಿ, ನಿನ್ನ ಮಾತಿಗೆ ನನ್ನ ಒಪ್ಪಿಗೆ ಇದೆ. 'ಜೀಸಸ್ ಬಿಲ್ಟ್ ಮೈ ಹಾಟ್‌ರಾಡ್' ಬಗ್ಗೆಯೂ ಹೇಳಬೇಕು. ಬಟ್‌ಹೋಲ್ ಸರ್ಫರ್ಸ್‌ನ ಗಿಬ್ಬಿ ಹೇನ್ಸ್ ಬಂದು ಮೈಕ್ ಮುಂದೆ ಏನೇನೋ ಬಡಬಡಿಸಿ ಹೋದರು. ಆಲ್ ಅದನ್ನು ಕೂತು ಟೇಪ್ ಕತ್ತರಿಸಿ ಜೋಡಿಸಿ ಹಾಡು ಮಾಡಿದರು. ಅವರೇ ಹೇಳಿಕೊಂಡಿರುವ ಕಥೆ ಇದು. ಅರ್ಥ ಹುಡುಕಿದರೆ ಏನೂ ಸಿಗುವುದಿಲ್ಲ. ತಾಳ ಹುಡುಕಿದರೆ ಎಲ್ಲ ಸಿಗುತ್ತದೆ.

ಸೈರನ್ ಸೀನ
ಕಾಕಾ, ಅದು ಬಾರ್ಕರ್ ಇದ್ದ ಕಾಲದ ಹಾಡು. ನನ್ನ ವಾದಕ್ಕೇ ಬಲ ಕೊಟ್ಟಿರಿ.

ಗದ್ದಲ ಗಣಿ
ಸ್ಕಾಚಿಯಾ ಇದ್ದ ಕಾಲದ ಹಾಡೂ ಹೌದು ಗುರು!

ಬಾಸ್ ಬಸು, ಹುಬ್ಬಳ್ಳಿ
ಹಂಗಾದರೆ 1996ರ 'ಫಿಲ್ತ್ ಪಿಗ್' ಬಗ್ಗೆ ಏನಂತೀರಿ? ಆಲ್ ಇದ್ದರು, ಬಾರ್ಕರ್ ಇದ್ದರು, ಸ್ಕಾಚಿಯಾ ಇದ್ದರು. ಆದರೂ ಜನ ಕೈಬಿಟ್ಟರು. ಎಲ್ಲರೂ 'ಸಾಮ್ 69' ಎರಡನೇ ಭಾಗ ಬರುತ್ತದೆ ಅಂತ ಕಾದಿದ್ದರು. ಬಂದದ್ದು ನಿಧಾನದ, ಕೆಸರಿನಲ್ಲಿ ಕಾಲು ಎಳೆದ ಹಾಗಿನ ಹಾಡುಗಳು. ಸ್ಯಾಂಪಲ್ ಬಹಳ ಕಡಿಮೆ. ಸಾಲದ್ದಕ್ಕೆ ಬಾಬ್ ಡಿಲನ್ ಅವರ 'ಲೇ ಲೇಡಿ ಲೇ' ಹಾಡನ್ನೂ ಹಾಡಿದ್ದರು. ನನಗೆ ಮಾತ್ರ ಅವರ ಎಲ್ಲ ಆಲ್ಬಮ್‌ಗಳಿಗಿಂತ ಅದೇ ಹತ್ತಿರ. ಬಾಸ್ ಅಷ್ಟು ದಪ್ಪಗೆ ಬೇರೆ ಎಲ್ಲೂ ಕೇಳುವುದಿಲ್ಲ.

ಡಬಲ್ ಪೆಡಲ್
ಅಲ್ಲಿ ಒಬ್ಬರು ಇರಲಿಲ್ಲ. ರೀಫ್ಲಿನ್ ಆ ಆಲ್ಬಮ್ ಕೆಲಸದ ಮಧ್ಯೆಯೇ ಬಿಟ್ಟು ಹೋದರು. ರೇ ವಾಶಮ್ ಬಂದರು. ವಾಶಮ್ ಬಹಳ ಒಳ್ಳೆಯ ಡ್ರಮ್ಮರ್, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೊಡೆತದ ಜಾತಿ ಬೇರೆ. ರೀಫ್ಲಿನ್ ಹೊಡೆದರೆ ಯಂತ್ರವೋ ಮನುಷ್ಯನೋ ಅಂತ ಕ್ಷಣ ಯೋಚಿಸಬೇಕು. ವಾಶಮ್ ಹೊಡೆದರೆ ಮನುಷ್ಯನೇ. ಯಂತ್ರದ ಗುಣ ಹೋದದ್ದು ಅಲ್ಲಿ, 2003ರಲ್ಲಿ ಅಲ್ಲ. ಸೀನ, ನಿಮ್ಮ ಗೆರೆಯನ್ನು ಏಳೆಂಟು ವರ್ಷ ಹಿಂದಕ್ಕೆ ಎಳೆಯಬೇಕು ಅನ್ನುವುದು ನನ್ನ ವಾದ.

ರೀಫ್ಲಿನ್ ಆಮೇಲೆ ಎಲ್ಲೆಲ್ಲಿ ಹೋದರು ನೋಡಿ. ಸ್ವಾನ್ಸ್ ಜೊತೆ ನುಡಿಸಿದರು. 2003ರಿಂದ ಆರ್‌.ಇ.ಎಂ. ಬ್ಯಾಂಡಿಗೆ ಡ್ರಮ್, ಆ ಬ್ಯಾಂಡ್ ನಿಲ್ಲುವವರೆಗೂ. ಆಮೇಲೆ ಕಿಂಗ್ ಕ್ರಿಮ್ಸನ್. ಮೂರಕ್ಕೂ ಒಂದಕ್ಕೊಂದು ಸಂಬಂಧವೇ ಇಲ್ಲ. 2020ರ ಮಾರ್ಚ್‌ನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಲಾಕ್‌ಡೌನ್ ಗಲಾಟೆಯಲ್ಲಿ ಆ ಸುದ್ದಿ ಯಾರ ಗಮನಕ್ಕೂ ಬರಲಿಲ್ಲ. ನನಗೆ ಈಗಲೂ ನೋವಿದೆ.

ಸಿಂಥ್ ಸುಮಾ
ರೀಫ್ಲಿನ್ ಕಿಂಗ್ ಕ್ರಿಮ್ಸನ್‌ನಲ್ಲಿ ಕೀಬೋರ್ಡ್ ಕೂಡ ನುಡಿಸಿದ್ದಾರೆ. ಬರೀ ಡ್ರಮ್ಮರ್ ಅನ್ನಬೇಡಿ.

ಕಡಲ ತಡಿ
ವಿಷಯ ಸ್ವಲ್ಪ ಆಚೆ ಹೋಗುತ್ತದೆ, ಆದರೂ ಕೇಳುತ್ತೇನೆ. ಸ್ಪೀಲ್‌ಬರ್ಗ್ ಅವರ 'ಎ.ಐ.' ಸಿನಿಮಾದಲ್ಲಿ ರೋಬೋಟ್‌ಗಳನ್ನು ಒಡೆದು ಹಾಕುವ ಜಾತ್ರೆ ಬರುತ್ತದಲ್ಲ, ಅಲ್ಲಿ ನುಡಿಸುವ ಬ್ಯಾಂಡ್ ಇವರೇ ಅಂತ ಯಾರೋ ಹೇಳಿದರು. ಹೌದಾ?

ಚಿಕಾಗೋ ಚಂದ್ರಿಕಾ
ಹೌದು, ಇವರೇ. 2001ರ ಸಿನಿಮಾ. ಬಾರ್ಕರ್ ಇನ್ನೂ ಇದ್ದ ಕಾಲ. ಹಾಡು 'ವಾಟ್ ಅಬೌಟ್ ಅಸ್?'.

ಕಡಲ ತಡಿ
ಇವತ್ತು ರಾತ್ರಿ ಸಿನಿಮಾ ಮತ್ತೆ ಹಾಕುತ್ತೇನೆ. ಥಿಯೇಟರಿನಲ್ಲಿ ನೋಡಿದಾಗ ಗೊತ್ತೇ ಆಗಿರಲಿಲ್ಲ.

ಹೊಸಬ
2003ರಲ್ಲಿ ಏನಾಯಿತು? ಬಾರ್ಕರ್ ಯಾಕೆ ಬಿಟ್ಟರು?

ಸೈರನ್ ಸೀನ
'ಅನಿಮೊಸಿಟಿಸೊಮಿನಾ' ಆಲ್ಬಮ್ ಬಂದ ವರ್ಷ ಅದು. ಅಷ್ಟು ಹೊತ್ತಿಗೆ ವಾರ್ನರ್ ರೆಕಾರ್ಡ್ ಕಂಪನಿಯ ಸಹವಾಸ ಮುಗಿದಿತ್ತು. ಆಲ್ ಬಹಳ ವರ್ಷ ಹೆರಾಯಿನ್ ಚಟದಲ್ಲಿ ಇದ್ದರು, ಅವರೇ ಮುಚ್ಚುಮರೆ ಇಲ್ಲದೆ ಹೇಳಿಕೊಂಡಿದ್ದಾರೆ. ಅದರಿಂದ ಹೊರಗೆ ಬಂದ ಕಾಲವೂ ಅದೇ ಹೊತ್ತಿನದು. ಹದಿನೇಳು ವರ್ಷ ಜೊತೆಗಿದ್ದ ಇಬ್ಬರ ನಡುವೆ ಮಾತು ನಿಂತಿತು. 2013ರಲ್ಲಿ ಆಲ್ ಆತ್ಮಕಥೆ ಬಂತು, ಅದರಲ್ಲಿ ಬಾರ್ಕರ್ ಬಗ್ಗೆ ಕಹಿಯಾಗಿಯೇ ಬರೆದಿದ್ದಾರೆ.

ಬಾರ್ಕರ್ ಸುಮ್ಮನೆ ಕೂರಲಿಲ್ಲ. ಲೆಡ್ ಇನ್‌ಟು ಗೋಲ್ಡ್ ಅನ್ನುವ ತಮ್ಮ ಸ್ವಂತ ಯೋಜನೆಯನ್ನು ಮತ್ತೆ ಎತ್ತಿಕೊಂಡರು. ಗಿಟಾರ್ ಪೆಡಲ್ ಮತ್ತು ಸಿಂಥ್ ತಯಾರಿಸುವ ಮಲೆಕ್ಕೊ ಕಂಪನಿ ಶುರು ಮಾಡಿದವರಲ್ಲಿ ಒಬ್ಬರು. ಸದ್ದಿನ ಮೇಲೆ ಆ ಮನುಷ್ಯನಿಗೆ ಎಷ್ಟು ಪ್ರೀತಿ ಅನ್ನುವುದಕ್ಕೆ ಅದೇ ಸಾಕ್ಷಿ. ಅಂಥವರು ಮತ್ತೆ ಆಲ್ ಜೊತೆ ಕೂರುತ್ತಾರೆ ಅಂದಾಗ ನನಗೆ ಆಸೆ ಹುಟ್ಟುವುದು ಸಹಜ ಅಲ್ವಾ?

ಗದ್ದಲ ಗಣಿ
ಸರಿ, ಈಗ 2004ರ ನಂತರದ ಪಕ್ಷ ವಹಿಸಿ ನಾನು ಮಾತಾಡುತ್ತೇನೆ, ಯಾರಾದರೂ ಮಾತಾಡಲೇಬೇಕು.

'ಹೌಸಸ್ ಆಫ್ ದ ಮೋಲೆ' 2004, 'ರಿಯೋ ಗ್ರಾಂಡೆ ಬ್ಲಡ್' 2006, 'ದ ಲಾಸ್ಟ್ ಸಕ್ಕರ್' 2007. ಮೂರೂ ಮಗ ಬುಷ್ ವಿರುದ್ಧ. ಇರಾಕ್ ಯುದ್ಧ ನಡೆಯುತ್ತಿದ್ದಾಗ, ಅವರದೇ ದೇಶದಲ್ಲಿ ನಿಂತು, ಮೂರು ಆಲ್ಬಮ್ ಪೂರ್ತಿ ಒಬ್ಬ ಅಧ್ಯಕ್ಷನ ಬೆನ್ನು ಹತ್ತಿದರು. ಮೊದಲನೆಯದರಲ್ಲಿ ಹಾಡಿನ ಹೆಸರುಗಳೂ ಬಹುಪಾಲು ಮಗ ಬುಷ್ ಹೆಸರಿನ ನಡುವಿನ ಡಬ್ಲ್ಯೂ ಅಕ್ಷರದಿಂದಲೇ. ಇವುಗಳಲ್ಲಿ ಇರುವ ಸಿಟ್ಟು 'ಫಿಲ್ತ್ ಪಿಗ್'ನಲ್ಲಿ ಇದೆಯಾ? ಇಲ್ಲ. ಬಾರ್ಕರ್ ಹೋದ ಮೇಲೆ ಆಲ್ ಎದ್ದು ಕೂತರು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಬೇರೆ ಬ್ಯಾಂಡ್‌ಗಳಿಂದ ಬಂದ ಜನರನ್ನು ನೋಡಿ. ಕಿಲ್ಲಿಂಗ್ ಜೋಕ್‌ನ ಪಾಲ್ ರೇವನ್ ಬಾಸ್. ಪ್ರಾಂಗ್‌ನ ಟಾಮಿ ವಿಕ್ಟರ್ ಗಿಟಾರ್. ಸಿನ್ ಕ್ವಿರಿನ್ ಇನ್ನೊಂದು ಗಿಟಾರ್. ಫಿಯರ್ ಫ್ಯಾಕ್ಟರಿಯ ಬರ್ಟನ್ ಬೆಲ್ 'ಲಾಸ್ಟ್ ಸಕ್ಕರ್'ನಲ್ಲಿ ಹಾಡಿದರು, 2008ರ ಪ್ರವಾಸಕ್ಕೂ ಬಂದರು. ಯಾರು ಕಡಿಮೆ ಇವರಲ್ಲಿ?

ಬಾಸ್ ಬಸು, ಹುಬ್ಬಳ್ಳಿ
ರೇವನ್ ಬಗ್ಗೆ ನನ್ನದೂ ತಕರಾರಿಲ್ಲ. ದೊಡ್ಡ ಬಾಸಿಸ್ಟ್. 2007ರ ಅಕ್ಟೋಬರ್‌ನಲ್ಲಿ ಜಿನೀವಾದಲ್ಲಿ ತೀರಿಕೊಂಡರು. ಇದ್ದಿದ್ದರೆ ಮಿನಿಸ್ಟ್ರಿಯ ಎರಡನೇ ಅವತಾರಕ್ಕೆ ಬೇರೆಯೇ ತೂಕ ಬರುತ್ತಿತ್ತು.

ಕ್ಯಾಸೆಟ್ ಕಾಕಾ
2008ರ ಪ್ರವಾಸ ವಿದಾಯದ ಪ್ರವಾಸ ಅಂತ ಹೇಳಿದ್ದರು. 2011ಕ್ಕೆ ವಾಪಸ್ ಬಂದರು. 2013ರಲ್ಲಿ 'ಫ್ರಮ್ ಬಿಯರ್ ಟು ಎಟರ್ನಿಟಿ' ಕೊನೆಯದು ಅಂದರು. 2018ರಲ್ಲಿ 'ಅಮೆರಿಕಾಂಟ್' ಬಂತು. ಈಗ ಮತ್ತೆ ಕೊನೆಯದು ಅನ್ನುತ್ತಿದ್ದಾರೆ. ಅದಕ್ಕೇ ನಾನು ಜಾಸ್ತಿ ತಲೆ ಕೆಡಿಸಿಕೊಳ್ಳುವುದಿಲ್ಲ.

ಗದ್ದಲ ಗಣಿ
ಕಾಕಾ, 2013ರದ್ದು ಹಾಗೆ ಲೆಕ್ಕ ಹಾಕಬೇಡಿ. ಅದರ ಹಿಂದೆ ಒಂದು ಸಾವು ಇದೆ.

2010ರಲ್ಲಿ ಆಲ್ ಹೊಟ್ಟೆಯ ಹುಣ್ಣು ಒಡೆದು ಸಾಯುವ ಹಂತಕ್ಕೆ ಹೋಗಿ ಬಂದರು. ಸ್ಕಾಚಿಯಾ ಬೆನ್ನು ಬಿದ್ದು ಮತ್ತೆ ಬ್ಯಾಂಡ್ ಎಬ್ಬಿಸಿದರು. 2012ರಲ್ಲಿ 'ರಿಲ್ಯಾಪ್ಸ್' ಬಂತು. ಅದೇ ವರ್ಷ ಡಿಸೆಂಬರ್ 22ರ ರಾತ್ರಿ ಸ್ಕಾಚಿಯಾ ಟೆಕ್ಸಸ್‌ನ ಫೋರ್ಟ್ ವರ್ತ್‌ನಲ್ಲಿ ತಮ್ಮ ಹಳೆಯ ರಿಗರ್ ಮಾರ್ಟಿಸ್ ಜೊತೆ ವೇದಿಕೆ ಮೇಲಿದ್ದರು. ಆ ಬ್ಯಾಂಡಿನ ಹಾಡುಗಾರ ಬ್ರೂಸ್ ಕಾರ್ಬಿಟ್ ಅವರ 50ನೇ ಹುಟ್ಟುಹಬ್ಬದ ಕಾರ್ಯಕ್ರಮ. ನುಡಿಸುತ್ತಿದ್ದಾಗಲೇ ಕುಸಿದು ಬಿದ್ದರು, ಬದುಕಲಿಲ್ಲ. 47 ವರ್ಷ. ಅಷ್ಟರಲ್ಲಿ ಅವರು ಮಿನಿಸ್ಟ್ರಿಗೆ ಅಂತ ಗಿಟಾರ್ ಧ್ವನಿಮುದ್ರಿಸಿ ಇಟ್ಟಿದ್ದರು. ಆ ಗಿಟಾರ್ ಮೇಲೆ ಆಲ್ ಕಟ್ಟಿ ಮುಗಿಸಿದ್ದು 2013ರ ಆಲ್ಬಮ್. ಮೈಕ್ ಸ್ಕಾಚಿಯಾ ಇಲ್ಲದೆ ಇನ್ನು ಬೇಡ ಅಂತ ಅವರಿಗೆ ಅನ್ನಿಸಿದ್ದರಲ್ಲಿ ಏನು ತಪ್ಪು? ಮನಸ್ಸು ತಿರುಗಲು ಐದು ವರ್ಷ ಬೇಕಾಯಿತು.

ಕ್ಯಾಸೆಟ್ ಕಾಕಾ
ಆ ಗಿಟಾರ್ ಅವರದೇ ಅಂತ ಗೊತ್ತಿಟ್ಟುಕೊಂಡು ಆಲ್ಬಮ್ ಇನ್ನೊಂದು ಸಲ ಕೇಳುತ್ತೇನೆ ಮಾರಾಯ.

ಸಿಂಥ್ ಸುಮಾ
ಸದಸ್ಯರು ಬದಲಾಗುವುದರ ಬಗ್ಗೆ ಹೇಳಬೇಕಾದರೆ ಮಿನಿಸ್ಟ್ರಿಯ ಕಥೆ ಇನ್ನೂ ಪರವಾಗಿಲ್ಲ. ಫಿಯರ್ ಫ್ಯಾಕ್ಟರಿ ನೋಡಿ. 2002ರಲ್ಲಿ ಗಿಟಾರಿಸ್ಟ್ ಡೀನೋ ಕಜಾರೆಸ್ ಹೊರಗೆ. 2009ರಲ್ಲಿ ಅವರೇ ಒಳಗೆ, ಡ್ರಮ್ಮರ್ ಮತ್ತು ಬಾಸಿಸ್ಟ್ ಹೊರಗೆ. ಹೆಸರು ಯಾರದ್ದು ಅಂತ ಕೋರ್ಟು. 2020ರಲ್ಲಿ ಬರ್ಟನ್ ಬೆಲ್ ಕೂಡ ಬಿಟ್ಟರು. ಈಗ ಹಾಡುವುದು ಇಟಲಿಯ ಮೈಲೋ ಸಿಲ್ವೆಸ್ಟ್ರೋ. ಹುಡುಗ ಚೆನ್ನಾಗಿ ಹಾಡುತ್ತಾನೆ. ಆದರೆ 1995ರ 'ಡಿಮ್ಯಾನ್ಯುಫ್ಯಾಕ್ಚರ್' ಕೇಳಿ ಬೆಳೆದವಳಿಗೆ ಬರ್ಟನ್ ಧ್ವನಿ ಇಲ್ಲದೆ ಕಷ್ಟ.

ಕಡಲ ತಡಿ
ಸ್ಟಾಟಿಕ್-ಎಕ್ಸ್ ಬ್ಯಾಂಡ್ ಇನ್ನೂ ವಿಚಿತ್ರ. ಅದರ ಹಾಡುಗಾರ ವೇಯ್ನ್ ಸ್ಟಾಟಿಕ್ 2014ರಲ್ಲಿ ತೀರಿಕೊಂಡರು. 2019ರಲ್ಲಿ ಉಳಿದವರು ಸೇರಿ ಪ್ರವಾಸ ಹೊರಟರು, ವೇಯ್ನ್ ಮುಖದ ಮುಖವಾಡ ಹಾಕಿಕೊಂಡ ಹಾಡುಗಾರನ ಜೊತೆ. ನನಗೆ ಅದು ನೋಡಲು ಆಗಲಿಲ್ಲ.

ಡಬಲ್ ಪೆಡಲ್
ಅದನ್ನು ಅವರು ವೇಯ್ನ್ ನೆನಪಿಗೆ ಅಂತಲೇ ಮಾಡಿದ್ದು. ವೇದಿಕೆ ಮುಂದೆ ನಿಂತು ಹಾಡಿದ ಅಭಿಮಾನಿಗಳಿಗೆ ಅದು ಬೇಕಿತ್ತು. ನಾವು ಇಲ್ಲಿ ಕೂತು ಬೇಡ ಅನ್ನುವುದು ಸರಿಯಲ್ಲ.

ಇನ್ನೊಂದು ವಿಷಯ, ಸ್ಟಾಟಿಕ್-ಎಕ್ಸ್‌ನ ಬಾಸಿಸ್ಟ್ ಟೋನಿ ಕ್ಯಾಂಪೋಸ್ ಮಿನಿಸ್ಟ್ರಿಯಲ್ಲೂ ಇದ್ದರು, ಫಿಯರ್ ಫ್ಯಾಕ್ಟರಿಯಲ್ಲೂ ಇದ್ದರು. ಈ ಮೂರು ಬ್ಯಾಂಡ್‌ಗಳ ನಡುವೆ ಜನ ಓಡಾಡುತ್ತಲೇ ಇರುತ್ತಾರೆ.

ಬಾಸ್ ಬಸು, ಹುಬ್ಬಳ್ಳಿ
ಈಚಿನ ಮಿನಿಸ್ಟ್ರಿಯಲ್ಲಿ ಬಾಸ್ ಹಿಡಿದವರು ಪಾಲ್ ಡಿ'ಅಮೋರ್. ಟೂಲ್ ಬ್ಯಾಂಡಿನ ಮೊದಲ ಬಾಸಿಸ್ಟ್! ಗಿಟಾರ್‌ಗೆ ಮಾಂಟಿ ಪಿಟ್‌ಮನ್, ಮಡೋನಾಗೆ ಗಿಟಾರ್ ಹೇಳಿಕೊಟ್ಟವರು. ಡ್ರಮ್‌ಗೆ ರಾಯ್ ಮಯೋರ್ಗಾ. ಒಬ್ಬೊಬ್ಬರೂ ಪಳಗಿದ ಕೈ. ಆದರೂ ನನಗೆ ಅಲ್ಲಿ ಒಂದು ಬ್ಯಾಂಡಿನ ಸದ್ದು ಕೇಳುವುದಿಲ್ಲ. ಎಲ್ಲರೂ ತಮ್ಮ ಕೆಲಸ ಅಚ್ಚುಕಟ್ಟಾಗಿ ಮಾಡಿ ಮುಗಿಸಿದ ಸದ್ದು ಕೇಳುತ್ತದೆ. ಒಬ್ಬರ ಮೇಲೆ ಒಬ್ಬರು ಬೀಳುವ, ಜಗಳ ಆಡುವ ಸದ್ದು 1989ರಲ್ಲಿ ಇತ್ತಲ್ಲ, ಅದು ಇಲ್ಲ.

ಗದ್ದಲ ಗಣಿ
2021ರ 'ಮಾರಲ್ ಹೈಜೀನ್' ಸರಿಯಾಗಿ ಕೇಳಿಲ್ಲ ನೀವು ಬಸು ಅಣ್ಣ. ಅದರಲ್ಲಿ ವೇಗ ಕಡಿಮೆ ಮಾಡಿ ಹಳೆಯ ಸ್ಯಾಂಪಲ್ ಆಟಕ್ಕೆ ಮತ್ತೆ ಬಂದಿದ್ದಾರೆ.

ಬಾಸ್ ಬಸು, ಹುಬ್ಬಳ್ಳಿ
ಕೇಳಿದ್ದೀನಿ ತಮ್ಮಾ. ನನ್ನ ಮಾತು ಬದಲಾಗಲಿಲ್ಲ.

ಚಿಕಾಗೋ ಚಂದ್ರಿಕಾ
ಎಲ್ಲರ ಮಾತು ಓದಿದ ಮೇಲೆ ನನಗೆ ಒಂದು ಕಾಣುತ್ತಿದೆ. ಬಸು ಅವರಿಗೆ ಬಾರ್ಕರ್, ಪೆಡಲ್‌ಗೆ ರೀಫ್ಲಿನ್, ಗಣಿಗೆ ಸ್ಕಾಚಿಯಾ, ಸುಮಾಗೆ ಮೊದಲ ಆಲ್ಬಮ್. ಯಾರೊಬ್ಬರೂ ಆಲ್ ಒಬ್ಬರ ಹೆಸರು ಮಾತ್ರ ಹೇಳಿ ನಿಲ್ಲಲಿಲ್ಲ, ಚರ್ಚೆ ಮುಗಿಯಿತು ಅಂದ ಗಣಿ ಕೂಡ. ಆಲ್ ಅವರ ದೊಡ್ಡ ಶಕ್ತಿ ಒಳ್ಳೆಯವರನ್ನು ಹುಡುಕಿ ಕೂಡಿಸುವುದು. ಹಾಗೆ ಕೂಡಿಸಿದವರಿಗೆ ಹೆಸರಿನಲ್ಲಿ ಪಾಲು ಕೊಡುವುದರಲ್ಲಿ ಮಾತ್ರ ಕೈ ಬಿಗಿ.

ನೈನ್ ಇಂಚ್ ನೇಲ್ಸ್ ನೋಡಿ. ಬಹಳ ವರ್ಷ ಟ್ರೆಂಟ್ ರೆಜ್ನರ್ ಒಬ್ಬರೇ ಅಧಿಕೃತ ಸದಸ್ಯ. 2016ರಲ್ಲಿ ಆಟಿಕಸ್ ರಾಸ್ ಅವರನ್ನು ಹೆಸರು ಹೇಳಿ ಒಳಗೆ ಕರೆದುಕೊಂಡರು. ಆಗಲೂ ಬ್ಯಾಂಡ್ ರೆಜ್ನರ್ ಅವರದ್ದೇ ಆಗಿ ಉಳಿಯಿತು. ಯಾರೂ ಏನೂ ಕಳೆದುಕೊಳ್ಳಲಿಲ್ಲ.

ಡಬಲ್ ಪೆಡಲ್
ಚಂದ್ರಿಕಾ ಅವರೇ, ನೂರಕ್ಕೆ ನೂರು ನಿಜ. ರೀಫ್ಲಿನ್ ಹೆಸರು ಮುಂದಿನ ಸಾಲಿನಲ್ಲಿ ಅಚ್ಚಾಗಿದ್ದರೆ ಇನ್ನೂ ನಾಲ್ಕು ಆಲ್ಬಮ್ ಸಿಗುತ್ತಿತ್ತೇನೋ.

ಸೈರನ್ ಸೀನ
ಇದನ್ನು ಒಪ್ಪುತ್ತೇನೆ. ಆದರೂ ಬಾರ್ಕರ್ ವಿಷಯದಲ್ಲಿ ನನ್ನ ನಿಲುವು ಅದೇ. ಹೊಸ ಆಲ್ಬಮ್ ಬರಲಿ, ಬಾಸ್ ಎಷ್ಟು ಮೇಲೆ ಇಟ್ಟಿದ್ದಾರೆ ಅಂತ ಮೊದಲು ನೋಡುತ್ತೇನೆ.

ಹೊಸಬ
ಎಲ್ಲಿಂದ ಶುರು ಮಾಡಲಿ ಹೇಳಿ. ಒಂದೇ ಒಂದು ಹೆಸರು ಕೊಡಿ, ಜಗಳ ಬೇಡ.

ಬಾಸ್ ಬಸು, ಹುಬ್ಬಳ್ಳಿ
1990ರ ಲೈವ್ ರೆಕಾರ್ಡ್. 'ಇನ್ ಕೇಸ್ ಯು ಡಿಡಂಟ್ ಫೀಲ್ ಲೈಕ್ ಶೋಯಿಂಗ್ ಅಪ್'. ಇಂಡಿಯಾನಾದ ಮೆರಿಲ್‌ವಿಲ್‌ನಲ್ಲಿ ಆದ ಕಾರ್ಯಕ್ರಮ. ಬ್ಯಾಂಡಿಗೂ ಜನರಿಗೂ ಮಧ್ಯೆ ಉದ್ದಕ್ಕೂ ತಂತಿ ಬೇಲಿ. ಜನ ಆ ಬೇಲಿ ಹತ್ತುತ್ತಾರೆ, ಅಲ್ಲಾಡಿಸುತ್ತಾರೆ.

ಡಬಲ್ ಪೆಡಲ್
ಎರಡು ಡ್ರಮ್ ಸೆಟ್! ರೀಫ್ಲಿನ್ ಒಂದು ಕಡೆ, ಮಾರ್ಟಿನ್ ಆಟ್ಕಿನ್ಸ್ ಇನ್ನೊಂದು ಕಡೆ. ಇಬ್ಬರೂ ಒಂದೇ ಹೊಡೆತ ಹೊಡೆಯುವಾಗ ಮೈ ಜುಮ್ ಅನ್ನುತ್ತದೆ.

ಗದ್ದಲ ಗಣಿ
ಸ್ಕಾಚಿಯಾ ಇದ್ದಾರೆ. ಕ್ರಿಸ್ ಕಾನೆಲ್ಲಿ, ಸ್ಕಿನ್ನಿ ಪಪ್ಪಿ ಬ್ಯಾಂಡಿನ ಓಗರ್ ಹಾಡುತ್ತಾರೆ. ಇದಕ್ಕೆ ನನ್ನದೂ ಮತ.

ಸಿಂಥ್ ಸುಮಾ
ಕೇಳುವುದಕ್ಕಿಂತ ವಿಡಿಯೋ ನೋಡಿ. ಸಿಡಿಯಲ್ಲಿ ಬರೀ ಆರು ಹಾಡು, ವಿಡಿಯೋದಲ್ಲಿ ಜಾಸ್ತಿ ಇವೆ.

ಹೊಸಬ
ವಿಡಿಯೋ ಸಿಕ್ಕಿತು, ಹಾಕಿದ್ದೇನೆ. ಬಲಗಡೆ ಕೂತಿರುವ ಡ್ರಮ್ಮರ್ ಯಾರು, ರೀಫ್ಲಿನ್ನಾ ಆಟ್ಕಿನ್ಸಾ?